ಪ್ರೆಪೊಸಿಷನ್ನುಗಳೂ ನಮ್ಮ ವಿಭಕ್ತಿಗಳೂ



ಇಂಗ್ಲಿಷು ಕಲಿಯುವ ಕನ್ನಡಿಗನಿಗೆ ಅತ್ಯಂತ ಹೆಚ್ಚು ತೊಂದರೆ ಕೊಡುವ ಶಬ್ದಗಳು ಯಾವುವೆಂದು ಕೇಳಿದರೆ, ಗ್ರೀಕ್ ಲ್ಯಾಟಿನ್ ಮೂಲದ ಉದ್ದುದ್ದನೆಯ ಶಬ್ದಗಳೇ ಇರಬೇಕೆಂದು ಹಲವರು ಊಹಿಸುವರು. ಅಂಥ ಶಬ್ದಗಳಿಗೆ ನಿಘಂಟು ಇದೆ. ಅರ್ಥವನ್ನು ಒಮ್ಮೆ ನೋಡಿ ನೆನಪಿನಲ್ಲಿಟ್ಟರೆ ಕೆಲಸ ತೀರಿತು. ಇನ್, ಆನ್, ಅಟ್, ಟು, ಆಫ್, ಫಾರ್, ವಿತ್, ಬೈ, ಫ್ರಮ್ ಎಂಬ ಪುಟ್ಟ ಶಬ್ದಗಳ ಸಂಗತಿ ಬೇರೆ. ಇವುಗಳ ಅರ್ಥ ಎಲ್ಲರಿಗೂ ತಿಳಿದಿದೆ; ಯಾವುದನ್ನು ಎಲ್ಲಿ ಇಡಬೇಕೆಂಬುದು ಮಾತ್ರ ಬಹುಕಾಲ ಓದಿದವರಿಗೂ ಸಂಶಯವಾಗಿಯೇ ಉಳಿದಿರುತ್ತದೆ. ಪರೀಕ್ಷೆಗಳನ್ನು ರಚಿಸುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಆದುದರಿಂದಲೇ ಸರಕಾರಿ ನೌಕರಿಯ ಸ್ಪರ್ಧಾಪರೀಕ್ಷೆಗಳಲ್ಲಿಯೂ ಬ್ಯಾಂಕುಗಳ ಪರೀಕ್ಷೆಗಳಲ್ಲಿಯೂ ಪ್ರೆಪೊಸಿಷನ್ನು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಪ್ರತ್ಯೇಕ ಪ್ರಕರಣವೇನೂ ಇರುವುದಿಲ್ಲ. ಬಿಟ್ಟ ಸ್ಥಳವನ್ನು ತುಂಬುವ ಪ್ರಶ್ನೆಯಲ್ಲಿ ಒಮ್ಮೆ, ವಾಕ್ಯದಲ್ಲಿ ತಪ್ಪನ್ನು ಗುರುತಿಸುವ ಪ್ರಶ್ನೆಯಲ್ಲಿ ಒಮ್ಮೆ, ನುಡಿಗಟ್ಟಿನ ಪ್ರಶ್ನೆಯಲ್ಲಿ ಮತ್ತೊಮ್ಮೆ, ಹೀಗೆ ವೇಷ ಬದಲಿಸಿ ಬರುತ್ತದೆ.

ಈ ವಿಷಯವನ್ನು ವಿವರಿಸುವಾಗ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳುಂಟು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿದ್ದಿತು. ಉಳಿದ ಮೂರು ತಾಲ್ಲೂಕುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು. 1956ರಲ್ಲಿ ಇವೆಲ್ಲವೂ ಮೈಸೂರು ರಾಜ್ಯದಲ್ಲಿ ಒಂದುಗೂಡಿ, 1997ರಲ್ಲಿ ಹಾವೇರಿ ಜಿಲ್ಲೆಯ ಭಾಗಗಳಾದುವು. ಅಲ್ಲಿನ ಮಾತಿನ ಕನ್ನಡವು ಮೈಸೂರಿನ ಕನ್ನಡಕ್ಕಿಂತ ಕೆಲವೆಡೆ ಭಿನ್ನವಾಗಿದೆ. ಆ ಭೇದವು ವಿಭಕ್ತಿಗಳಲ್ಲಿಯೂ ಕಾಣುವುದರಿಂದ ನಮ್ಮ ವಿಷಯಕ್ಕೆ ಒಳ್ಳೆಯ ಬೆಳಕನ್ನು ಬೀರುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ನಗರಗಳಲ್ಲಿ ವಾಸಿಸುವ ನಮ್ಮ ಮಕ್ಕಳ ಕಿವಿಗೆ ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಇಂಗ್ಲಿಷು ಬೀಳುತ್ತಲೇ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರೇಕೆರೂರಿನ ಕಡೆಯ ಹಳ್ಳಿಯ ಹುಡುಗಿಗೆ ಇಂಗ್ಲಿಷು ಬಹುಮಟ್ಟಿಗೆ ಪಠ್ಯಪುಸ್ತಕದಿಂದಲೇ ಬರಬೇಕು. ಪರೀಕ್ಷೆಯ ದಿನ ಇಬ್ಬರ ಮುಂದೆಯೂ ಇರುವ ಪ್ರಶ್ನೆಪತ್ರಿಕೆ ಒಂದೇ. ನಗರದ ಹುಡುಗನು ಕಿವಿಯ ಅಭ್ಯಾಸದಿಂದ ಉತ್ತರ ಕೊಡುತ್ತಾನೆ. ಹಳ್ಳಿಯ ಹುಡುಗಿ ಯೋಚಿಸಿ ಉತ್ತರ ಹುಡುಕುತ್ತಾಳೆ. ಆ ಯೋಚನೆ ಕನ್ನಡದ ವಿಭಕ್ತಿಯ ದಾರಿಯನ್ನು ಹಿಡಿದು ಹೋಗುತ್ತದೆ. ದಾರಿ ನೇರವಾಗಿದ್ದರೂ ಉತ್ತರ ತಪ್ಪಾಗುತ್ತದೆ. ವಾಕ್ಯದ ಅರ್ಥವೆಲ್ಲ ತಿಳಿದಿದ್ದೂ ಒಂದು ಪುಟ್ಟ ಶಬ್ದದಿಂದ ಅಂಕ ಹೋಗುತ್ತದೆ. ಅಂಥ ಎರಡು ಮೂರು ಅಂಕಗಳಿಂದ ನೌಕರಿಯೇ ಕೈತಪ್ಪುವುದುಂಟು. ಈ ತಪ್ಪು ಬುದ್ಧಿಯ ಕೊರತೆಯಿಂದ ಆಗುವುದಲ್ಲವೆಂಬುದನ್ನೂ ಇದನ್ನು ಕ್ರಮವಾಗಿ ನಿವಾರಿಸಬಹುದೆಂಬುದನ್ನೂ ತೋರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಎರಡು ಭಾಷೆಗಳ ಕಟ್ಟನ್ನು ನೋಡೋಣ. ಕನ್ನಡದಲ್ಲಿ ನಾಮಪದದ ಹಿಂದೆ ಪ್ರತ್ಯಯವು ಅಂಟಿಕೊಳ್ಳುತ್ತದೆ: ಊರು, ಊರನ್ನು, ಊರಿನಿಂದ, ಊರಿಗೆ, ಊರಿನ, ಊರಿನಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ ಇಂದಿನ ಶಾಲಾವ್ಯಾಕರಣದವರೆಗೆ ವಿಭಕ್ತಿಗಳು ಏಳೆಂದೇ ಎಣಿಕೆ. ಅವುಗಳಲ್ಲಿ ಪಂಚಮಿಯ ಕೆಲಸವನ್ನು ವ್ಯವಹಾರದಲ್ಲಿ ತೃತೀಯೆಯ ‘ಇಂದ’ವೇ ಮಾಡುತ್ತದೆ. ಹೀಗೆ ಐದಾರು ಪ್ರತ್ಯಯಗಳಿಂದ ನಾವು ಸಂಸಾರ ಸಾಗಿಸುತ್ತೇವೆ. ಸಾಲದಿದ್ದಾಗ ಮೇಲೆ, ಕೆಳಗೆ, ಒಡನೆ, ಕುರಿತು ಮೊದಲಾದ ಶಬ್ದಗಳನ್ನು ಸೇರಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವ ಶಬ್ದಗಳು ನಾಮಪದದ ಮುಂದೆ ಬೇರೆಯಾಗಿ ನಿಲ್ಲುತ್ತವೆ. ಅವುಗಳ ಸಂಖ್ಯೆಯೂ ಬಹಳ ಹೆಚ್ಚು. ನಮ್ಮ ಒಂದು ಪ್ರತ್ಯಯಕ್ಕೆ ಅವರಲ್ಲಿ ಮೂರು ನಾಲ್ಕು ಶಬ್ದಗಳು ಸಿಕ್ಕುವುದು ಸಹಜ.

ಇಷ್ಟೇ ಆಗಿದ್ದರೆ ಒಂದು ಪಟ್ಟಿಯನ್ನು ಬರೆದು ಮುಗಿಸಬಹುದಾಗಿದ್ದಿತು. ತೊಡಕು ಇನ್ನೂ ಆಳದಲ್ಲಿದೆ. ‘ಹುಡುಗನು ಹುಲಿಗೆ ಹೆದರಿದನು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಇಲ್ಲಿ ಹುಲಿಗೆ ಚತುರ್ಥೀ ವಿಭಕ್ತಿ. ಸಂಸ್ಕೃತದಲ್ಲಿ ಭಯಕ್ಕೆ ಕಾರಣವಾದುದಕ್ಕೆ ಪಂಚಮೀ ವಿಭಕ್ತಿ ಬರಬೇಕೆಂದು ಪಾಣಿನಿಯ ವಿಧಿ. ಅಲ್ಲಿ ಹುಲಿಯ ದೆಸೆಯಿಂದ ಹೆದರಬೇಕು. ಇಂಗ್ಲಿಷಿನವನು ‘ಅಫ್ರೇಡ್ ಆಫ್ ದಿ ಟೈಗರ್’ ಎನ್ನುತ್ತಾನೆ. ಅಲ್ಲಿ ಹುಲಿಗೆ ಷಷ್ಠಿಯ ಛಾಯೆ ಬಂದಿತು. ಹುಲಿಯೂ ಒಂದೇ, ಹೆದರಿಕೆಯೂ ಒಂದೇ. ಮೂರು ಭಾಷೆಗಳು ಅದಕ್ಕೆ ಮೂರು ವಿಭಕ್ತಿಗಳನ್ನು ಕೊಟ್ಟುವು. ಕೋಪದ ವಿಷಯವೂ ಹಾಗೆಯೇ. ಸಂಸ್ಕೃತದಲ್ಲಿ ಯಾರ ವಿಷಯದಲ್ಲಿ ಕೋಪವೋ ಅವರಿಗೆ ಚತುರ್ಥಿ. ನಮ್ಮಲ್ಲಿ ಅವರ ‘ಮೇಲೆ’ ಕೋಪ. ಇಂಗ್ಲಿಷಿನಲ್ಲಿ ‘ಆ್ಯಂಗ್ರಿ ವಿತ್’, ಅಂದರೆ ಅವರ ‘ಒಡನೆ’ ಕೋಪ!

ಇದರಿಂದ ಒಂದು ತತ್ತ್ವ ಸಿದ್ಧವಾಗುತ್ತದೆ. ಇಂಥ ಕಡೆಗಳಲ್ಲಿ ವಿಭಕ್ತಿಯನ್ನಾಗಲಿ ಪ್ರೆಪೊಸಿಷನ್ನನ್ನಾಗಲಿ ಆರಿಸುವುದು ಅರ್ಥವಲ್ಲ. ಹೆದರು, ಕೋಪಿಸು ಎಂಬ ಮುಖ್ಯಶಬ್ದವು ತನ್ನ ಜೊತೆಗಾರನನ್ನು ತಾನೇ ಆರಿಸಿಕೊಂಡಿರುತ್ತದೆ. ಆದುದರಿಂದ ‘ಗೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಕೇಳತಕ್ಕದ್ದಲ್ಲ. ‘ಅಫ್ರೇಡ್’ ಎಂಬ ಶಬ್ದವು ಯಾರನ್ನು ಕರೆದುಕೊಂಡು ಬರುತ್ತದೆ ಎಂದು ಕೇಳಬೇಕು. ನಮ್ಮ ನುಡಿಗಟ್ಟುಗಳನ್ನೇ ನೋಡಿರಿ: ಓಡಿಹೋದವನು ‘ಕಾಲಿಗೆ ಬುದ್ಧಿ ಹೇಳಿದ’ನೇ ಹೊರತು ಕಾಲಿನಲ್ಲಿ ಹೇಳಲಿಲ್ಲ, ಆಶ್ಚರ್ಯಪಟ್ಟವನು ‘ಮೂಗಿನ ಮೇಲೆ ಬೆರಳಿಟ್ಟ’ನೇ ಹೊರತು ಮೂಗಿಗೆ ಇಡಲಿಲ್ಲ. ಏಕೆಂದು ಯಾವ ಮಗುವೂ ಕೇಳುವುದಿಲ್ಲ. ‘ಅಟ್ ದಿ ಇಲೆವೆಂತ್ ಅವರ್’, ‘ಇನ್ ದಿ ಲಾಂಗ್ ರನ್’, ‘ಆನ್ ದಿ ವರ್ಜ್ ಆಫ್’ ಎಂಬುವನ್ನೂ ಹೀಗೆಯೇ ಇಡಿಯಾಗಿ ಸ್ವೀಕರಿಸಬೇಕು.

ಇನ್ನು ತಪ್ಪುಗಳು ಹುಟ್ಟುವ ಸ್ಥಳಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ನಮ್ಮ ಒಂದು ಪ್ರತ್ಯಯವು ಅವರ ಹಲವು ಶಬ್ದಗಳ ಕೆಲಸವನ್ನು ಮಾಡುವ ಸ್ಥಳ. ಮೈಸೂರಿನವರು ‘ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ’ ಎನ್ನುವಲ್ಲಿ ಹಾನಗಲ್ಲಿನ ಕಡೆಯವರು ‘ಮನ್ಯಾಗ, ಸಂತ್ಯಾಗ, ಬಸ್ಸಿನ್ಯಾಗ’ ಎನ್ನುತ್ತಾರೆ. ಅದು ‘ಒಳಗೆ’ ಎಂಬುದರ ಸವೆದ ರೂಪ. ಒಳಗು ಎಂಬ ಭಾವ ಕಿವಿಯಲ್ಲಿಯೇ ಇರುವುದರಿಂದ ಎಲ್ಲ ಕಡೆಗೂ ‘ಇನ್’ ಹಾಕುವ ಪ್ರವೃತ್ತಿ ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಲವಾಗಿರುವುದು ಆಶ್ಚರ್ಯವಲ್ಲ. ಇಂಗ್ಲಿಷಿನವನು ಮಾತ್ರ ಸ್ಥಳವನ್ನು ಮೂರು ಬಗೆಯಾಗಿ ಕಾಣುತ್ತಾನೆ. ಸುತ್ತಲೂ ಎಲ್ಲೆಯುಳ್ಳ ಪ್ರದೇಶವಾದರೆ ‘ಇನ್’: ಸವಣೂರಿನಲ್ಲಿ, ಹಾವೇರಿ ಜಿಲ್ಲೆಯಲ್ಲಿ. ಮೇಲ್ಮೈ ಅಥವಾ ರೇಖೆಯಾದರೆ ‘ಆನ್’: ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಶಿಗ್ಗಾವಿ, ವರದಾ ನದಿಯ ದಡದಲ್ಲಿ ಒಂದು ಹಳ್ಳಿ. ಬಿಂದುವಿನಂತೆ ಗುರುತಿಸುವ ತಾಣವಾದರೆ ‘ಅಟ್’: ಬಸ್ ನಿಲ್ದಾಣದಲ್ಲಿ, ಹಾನಗಲ್ಲಿನ ತಾರಕೇಶ್ವರ ದೇವಾಲಯದ ಬಾಗಿಲಲ್ಲಿ. ಕಾಲಕ್ಕೂ ಇದೇ ಕ್ರಮ: ತಿಂಗಳು ಮತ್ತು ವರ್ಷಗಳಿಗೆ ‘ಇನ್’, ವಾರಕ್ಕೂ ತಾರೀಖಿಗೂ ‘ಆನ್’, ಗಂಟೆಗೆ ‘ಅಟ್’. ಬಸ್ಸಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಬಸ್ಸಿನಲ್ಲಿ ಕುಳಿತವನು ‘ಆನ್ ದಿ ಬಸ್’, ಬಸ್ಸಿನಲ್ಲಿ ಊರಿಗೆ ಹೋದವನು ‘ಬೈ ಬಸ್’.

‘ಇಂದ’ ಎಂಬ ಪ್ರತ್ಯಯವು ಇದಕ್ಕಿಂತಲೂ ಮೋಸಗಾರ. ‘ಸೋಮವಾರದಿಂದ ಇಲ್ಲಿದ್ದೇನೆ’, ‘ಎರಡು ವರ್ಷಗಳಿಂದ ಇಲ್ಲಿದ್ದೇನೆ’ ಎಂದು ನಾವು ಎರಡಕ್ಕೂ ಅದನ್ನೇ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಆರಂಭದ ಬಿಂದುವನ್ನು ಹೇಳಿದರೆ ‘ಸಿನ್ಸ್ ಮಂಡೇ’. ಅವಧಿಯ ಉದ್ದವನ್ನು ಹೇಳಿದರೆ ‘ಫಾರ್ ಟೂ ಇಯರ್ಸ್’. ‘ಸಿನ್ಸ್ ಟೂ ಇಯರ್ಸ್’ ಎಂಬುದು ಭಾರತದಾದ್ಯಂತ ಕೇಳಿಬರುವ ತಪ್ಪು; ತಪ್ಪನ್ನು ಗುರುತಿಸುವ ಪ್ರಶ್ನೆಗಳಿಗೆ ಇದು ಅಚ್ಚುಮೆಚ್ಚಿನ ಸಾಮಗ್ರಿ. ಜ್ವರದಿಂದ ನರಳುವವನಿಗೆ ‘ಸಫರ್ ಫ್ರಮ್’ ಸರಿ. ಅದೇ ಜ್ವರದಿಂದ ಸತ್ತವನಿಗೆ ‘ಡೈ ಆಫ್’. ಚಾಕುವಿನಿಂದ ಕತ್ತರಿಸಿದರೆ ‘ವಿತ್’, ಒಬ್ಬ ಮನುಷ್ಯನಿಂದ ಆದ ಕೆಲಸವಾದರೆ ‘ಬೈ’.

ಎರಡನೆಯ ಸ್ಥಳವೆಂದರೆ, ಕನ್ನಡದಲ್ಲಿ ಪ್ರತ್ಯಯ ಬೇಕಾಗಿ ಇಂಗ್ಲಿಷಿನಲ್ಲಿ ಏನೂ ಬೇಡವಾದ ಸ್ಥಳ. ಒಂದು ವಿಷಯದ ‘ಬಗ್ಗೆ’ ನಾವು ಚರ್ಚಿಸುತ್ತೇವೆ. ‘ಡಿಸ್ಕಸ್’ ಎಂಬ ಕ್ರಿಯಾಪದಕ್ಕೆ ‘ಅಬೌಟ್’ ಬೇಡ. ಒಂದು ಅಂಶದ ‘ಮೇಲೆ’ ಒತ್ತು ಹಾಕುತ್ತೇವೆ. ‘ಎಂಫಸೈಜ್’ ಎಂಬುದಕ್ಕೆ ‘ಆನ್’ ಬೇಡ, ಆದರೆ ‘ಎಂಫಸಿಸ್’ ಎಂಬ ನಾಮಪದವಾದರೆ ‘ಆನ್’ ಬೇಕು. ಹಾನಗಲ್ಲಿಗೆ ತಲುಪಿದೆ ಎಂದು ಹೇಳುವಾಗ ‘ರೀಚ್’ ಎಂಬುದರ ಹಿಂದೆ ‘ಟು’ ಬರಕೂಡದು. ‘ಅರೈವ್’ ಎಂದು ಹೇಳುವುದಾದರೆ ‘ಅಟ್’ ಅಥವಾ ‘ಇನ್’ ಬರಲೇಬೇಕು. ಕನ್ನಡದಲ್ಲಿಯೂ ‘ಊರನ್ನು ಸೇರಿದನು’, ‘ಊರಿಗೆ ಸೇರಿದನು’ ಎಂಬ ಎರಡು ಪ್ರಯೋಗಗಳುಂಟು. ನಮ್ಮ ವ್ಯಾಕರಣವು ಇದನ್ನು ವಿಭಕ್ತಿ ಪಲ್ಲಟವೆಂದು ಕರೆಯುತ್ತದೆ. ಸಮೀಪಾರ್ಥದ ಎರಡು ಕ್ರಿಯೆಗಳು ಬೇರೆ ಬೇರೆ ಜೊತೆಗಾರರನ್ನು ಬೇಡುವುದು ಇಂಗ್ಲಿಷಿನ ಪದ್ಧತಿ.

ಇಲ್ಲಿಯೇ ಪ್ರಾಂತಭೇದದ ಸ್ವಾರಸ್ಯವನ್ನು ನೋಡಬೇಕು. ಮೈಸೂರಿನವರು ‘ಅವರನ್ನು ಕೇಳಿದೆ’ ಎನ್ನುತ್ತಾರೆ. ಸವಣೂರಿನ ಕಡೆ ‘ಅವರಿಗೆ ಕೇಳಿದೆ’ ಎನ್ನುವುದು ವಾಡಿಕೆ. ಎರಡೂ ಒಳ್ಳೆಯ ಕನ್ನಡವೇ. ಮೈಸೂರಿನ ವಿದ್ಯಾರ್ಥಿಯು ತನ್ನ ವಾಕ್ಯವನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದರೆ ‘ಐ ಆಸ್ಕ್ಡ್ ಹಿಮ್’ ಎಂದು ಸರಿಯಾದ ವಾಕ್ಯ ಬರುತ್ತದೆ. ಸವಣೂರಿನವನಿಗೆ ‘ಐ ಆಸ್ಕ್ಡ್ ಟು ಹಿಮ್’ ಎಂದು ತಪ್ಪು ವಾಕ್ಯ ಬರುತ್ತದೆ. ಮೊದಲನೆಯವನಿಗೆ ವ್ಯಾಕರಣ ಹೆಚ್ಚು ಗೊತ್ತೆಂದಲ್ಲ. ಅವನ ಊರಿನ ರೂಢಿ ಅಕಸ್ಮಾತ್ತಾಗಿ ಇಂಗ್ಲಿಷಿನ ರೂಢಿಗೆ ಹೊಂದಿಕೊಂಡಿತು, ಅಷ್ಟೇ. ‘ಹೇಳು’ ಎಂಬ ಕ್ರಿಯೆಗೆ ಬಂದಾಗ ಮೈಸೂರಿನವನೂ ‘ಅವರಿಗೆ ಹೇಳಿದೆ’ ಎನ್ನುವವನೇ; ಆದ್ದರಿಂದ ‘ಟೋಲ್ಡ್ ಟು ಹಿಮ್’ ಎಂಬ ತಪ್ಪಿಗೆ ಇಬ್ಬರೂ ಸಮಾನವಾಗಿ ಗುರಿಯಾಗುತ್ತಾರೆ. ‘ಟೋಲ್ಡ್ ಹಿಮ್’ ಸರಿ; ‘ಸೆಡ್ ಟು ಹಿಮ್’ ಸರಿ. ಈ ಎರಡು ತಾರತಮ್ಯಗಳನ್ನು ತರಗತಿಯಲ್ಲಿ ಉಪಾಧ್ಯಾಯರು ಒಮ್ಮೆ ಬಿಡಿಸಿ ತೋರಿಸಿದರೆ, ವಿದ್ಯಾರ್ಥಿಗೆ ತನ್ನ ಊರಿನ ಮಾತಿನ ಮೇಲೆ ನಾಚಿಕೆಯೂ ಹುಟ್ಟುವುದಿಲ್ಲ, ತಪ್ಪಿನ ಮೂಲವೂ ತಿಳಿಯುತ್ತದೆ.

ಮೂರನೆಯದು ಹೋಲಿಕೆಯ ಸ್ಥಳ. ‘ಇದು ಅದಕ್ಕಿಂತ ಮೇಲು’ ಎಂಬಲ್ಲಿ ‘ಗಿಂತ’ ಬಂದೊಡನೆ ನಮ್ಮ ಕೈ ‘ದ್ಯಾನ್’ ಎಂದು ಬರೆಯುತ್ತದೆ. ಬಹುಪಾಲು ಕಡೆ ಅದು ಸರಿಯೇ. ಸುಪೀರಿಯರ್, ಇನ್‌ಫೀರಿಯರ್, ಸೀನಿಯರ್, ಜೂನಿಯರ್, ಪ್ರಯರ್ ಎಂಬುವು ಲ್ಯಾಟಿನ್ನಿನಿಂದ ಬಂದ ಶಬ್ದಗಳು. ತಾರತಮ್ಯದ ಅರ್ಥ ಅವುಗಳ ಒಡಲಿನಲ್ಲಿಯೇ ಇರುವುದರಿಂದ ಅವಕ್ಕೆ ‘ದ್ಯಾನ್’ ಬೇಡ, ‘ಟು’ ಬೇಕು. ‘ಪ್ರಿಫರ್’ ಎಂಬುದೂ ಈ ಗುಂಪಿನದೇ: ಕಾಫಿಗಿಂತ ಚಹಾ ಮೇಲೆನ್ನುವವನು ‘ಟೀ ಟು ಕಾಫಿ’ ಎನ್ನಬೇಕು. ಆರು ಶಬ್ದಗಳ ಈ ಪಟ್ಟಿಯನ್ನು ಕಂಠಸ್ಥ ಮಾಡಿದವನಿಗೆ ಅದರ ಫಲ ಹಲವು ಪರೀಕ್ಷೆಗಳಲ್ಲಿ ದೊರೆಯುವುದು.

ನಾಲ್ಕನೆಯದು ‘ಟು’ ಎಂಬುದರ ದ್ವಿಪಾತ್ರ. ‘ಟು ಗೋ’ ಎಂಬಲ್ಲಿ ಅದು ಕ್ರಿಯೆಯ ಮೂಲರೂಪದ ಗುರುತು. ‘ಟು ಸ್ಕೂಲ್’ ಎಂಬಲ್ಲಿ ಪ್ರೆಪೊಸಿಷನ್ನು. ‘ಲುಕ್ ಫಾರ್ವರ್ಡ್ ಟು’, ‘ಅಕಸ್ಟಮ್ಡ್ ಟು’, ‘ಅಬ್ಜೆಕ್ಟ್ ಟು’ ಮೊದಲಾದುವುಗಳಲ್ಲಿ ಇರುವುದು ಎರಡನೆಯ ‘ಟು’. ಅದರ ಮುಂದೆ ಕ್ರಿಯೆ ಬಂದರೆ ಅದು ‘ಇಂಗ್’ ಎಂಬ ಅಂತ್ಯವನ್ನು ತಾಳಲೇಬೇಕು: ‘ಲುಕ್ ಫಾರ್ವರ್ಡ್ ಟು ಸೀಯಿಂಗ್ ಯೂ’. ಸಂಶಯ ಬಂದಾಗ ಕ್ರಿಯೆಯ ಸ್ಥಾನದಲ್ಲಿ ಒಂದು ನಾಮಪದವನ್ನು ಇಟ್ಟು ನೋಡಿರಿ. ಅದು ಅಲ್ಲಿ ಸರಿಯಾಗಿ ಕುಳಿತರೆ ಆ ‘ಟು’ ಪ್ರೆಪೊಸಿಷನ್ನೇ. ಇದೇ ಜಾತಿಗೆ ಸೇರಿದ ಇನ್ನೊಂದು ಜೋಡಿ ಏಬಲ್ ಮತ್ತು ಕೇಪಬಲ್. ಎರಡಕ್ಕೂ ‘ಸಮರ್ಥ’ನೆಂದೇ ಅರ್ಥ; ಮೊದಲನೆಯದು ‘ಏಬಲ್ ಟು ಡೂ’, ಎರಡನೆಯದು ‘ಕೇಪಬಲ್ ಆಫ್ ಡೂಯಿಂಗ್’.

ಐದನೆಯದು, ಒಂದೇ ಮುಖ್ಯಶಬ್ದವು ಸಂದರ್ಭಕ್ಕೆ ತಕ್ಕಂತೆ ಜೊತೆಗಾರನನ್ನು ಬದಲಿಸುವ ಸ್ಥಳ. ಮನುಷ್ಯನೊಡನೆ ‘ಅಗ್ರೀ ವಿತ್’, ಸಲಹೆಗೆ ‘ಅಗ್ರೀ ಟು’, ಒಂದು ಅಂಶದ ಬಗ್ಗೆ ‘ಅಗ್ರೀ ಆನ್’. ವ್ಯಕ್ತಿಯ ಮೇಲೆ ಕೋಪವಾದರೆ ‘ಆ್ಯಂಗ್ರಿ ವಿತ್’, ಸಂಗತಿಯ ಬಗ್ಗೆ ಕೋಪವಾದರೆ ‘ಅಟ್’ ಅಥವಾ ‘ಅಬೌಟ್’ ಎಂದು ಪರೀಕ್ಷಾಗ್ರಂಥಗಳು ವಿಧಿಸುತ್ತವೆ. ಜೊತೆಗೆ ಒಂದು ಜಾಣತನದ ಬಲೆಯುಂಟು: ಎರಡು ಶಬ್ದಗಳಿಗೆ ಬೇರೆ ಬೇರೆ ಜೊತೆಗಾರರಿದ್ದಾಗ ಒಬ್ಬನನ್ನೇ ಇಟ್ಟು ವಾಕ್ಯವನ್ನು ಮುಗಿಸುವುದು. ಸಂಗೀತದಲ್ಲಿ ಆಸಕ್ತಿಯೂ ಅದರಲ್ಲಿ ಪ್ರೀತಿಯೂ ಉಳ್ಳವನು ‘ಇಂಟರೆಸ್ಟೆಡ್ ಇನ್ ಆ್ಯಂಡ್ ಫಾಂಡ್ ಆಫ್’ ಎಂದು ಎರಡನ್ನೂ ಹೇಳಬೇಕು. ಕನ್ನಡದಲ್ಲಿ ಒಂದು ‘ಅಲ್ಲಿ’ಯೇ ಎರಡಕ್ಕೂ ಸಾಕಾಗುವುದರಿಂದ ಈ ಲೋಪವು ನಮ್ಮ ಕಣ್ಣಿಗೆ ಬೀಳುವುದೇ ಕಷ್ಟ.

ಪರೀಕ್ಷಾಮಂದಿರದಲ್ಲಿ ಮಾಡಬೇಕಾದುದು ಏನು? ಬಿಟ್ಟ ಸ್ಥಳವನ್ನು ನೋಡಿದೊಡನೆ ಕಣ್ಣು ಅದರ ಮುಂದಿನ ನಾಮಪದದ ಕಡೆಗೆ ಹೋಗುತ್ತದೆ. ಅದನ್ನು ತಡೆದು, ಮೊದಲು ಬಿಟ್ಟ ಸ್ಥಳದ ಹಿಂದಿನ ಶಬ್ದವನ್ನು ನೋಡಬೇಕು. ಅದು ತನ್ನದೇ ಜೊತೆಗಾರನುಳ್ಳ ಶಬ್ದವಾದರೆ ಉತ್ತರ ಅಲ್ಲಿಯೇ ಇದೆ. ಅಲ್ಲದಿದ್ದರೆ ಮಾತ್ರ ಮುಂದಿನ ನಾಮಪದವನ್ನು ನೋಡಿ ಸ್ಥಳವೋ ಕಾಲವೋ ಸಾಧನವೋ ಎಂದು ವಿವೇಚಿಸಬೇಕು. ಮೂರನೆಯದಾಗಿ, ಏನೂ ಬೇಡವೆಂಬ ಉತ್ತರವೂ ಸಾಧ್ಯವೆಂಬುದನ್ನು ಮರೆಯಬಾರದು. ಕೊನೆಯದಾಗಿ, ಆರಿಸಿದ ಉತ್ತರವು ಕನ್ನಡದ ಪ್ರತ್ಯಯದ ನೇರ ಭಾಷಾಂತರವಾಗಿದ್ದರೆ ಅದನ್ನು ಇನ್ನೊಮ್ಮೆ ಪರಿಶೀಲಿಸಬೇಕು.

ಊಹೆಯ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಕೇಂದ್ರ ಸರಕಾರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಪದವೀಧರರ ಪರೀಕ್ಷೆಯ ಮೊದಲ ಹಂತದಲ್ಲಿ ಈಚಿನ ವರ್ಷಗಳ ಕ್ರಮದಂತೆ ಇಂಗ್ಲಿಷಿಗೆ 25 ಪ್ರಶ್ನೆಗಳು. ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ನಾಲ್ಕು ಉತ್ತರಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಅಂಕದ ಎಂಟನೆಯ ಒಂದು ಭಾಗ ಮಾತ್ರ. ಖಂಡಿತವಾಗಿ ತಪ್ಪಾದ ಎರಡನ್ನು ತಳ್ಳಿಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಮುಕ್ಕಾಲು ಅಂಕ, ಅಂದರೆ ಮೊದಲಿನದರ ಆರರಷ್ಟು. ಪೂರ್ಣಜ್ಞಾನವಿಲ್ಲದಿದ್ದರೂ ಅರ್ಧಜ್ಞಾನವು ಹೀಗೆ ಪ್ರಯೋಜನಕ್ಕೆ ಬರುತ್ತದೆ.

ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇಂಥ ಬಿಡಿ ವ್ಯಾಕರಣದ ಭಾಗವಿಲ್ಲ. ಅಲ್ಲಿ ಬರೆವಣಿಗೆಯನ್ನು ತೂಗುವ ನಾಲ್ಕು ಅಂಶಗಳಲ್ಲಿ ವ್ಯಾಕರಣದ ವೈವಿಧ್ಯವೂ ನಿಖರತೆಯೂ ಸೇರಿ ಒಂದು ಅಂಶವಾಗಿದೆ. ಬ್ರಿಟಿಷರಿಗೂ ಅಮೆರಿಕನ್ನರಿಗೂ ಈ ಪುಟ್ಟ ಶಬ್ದಗಳಲ್ಲಿ ಒಮ್ಮತವಿಲ್ಲವೆಂಬುದೂ ಗಮನಾರ್ಹ. ವಾರಾಂತ್ಯಕ್ಕೆ ಅವರು ‘ಅಟ್’ ಎಂದರೆ ಇವರು ‘ಆನ್’ ಎನ್ನುತ್ತಾರೆ. ‘ಡಿಫರೆಂಟ್’ ಎಂಬುದರ ಮುಂದೆ ಅಲ್ಲಿ ‘ಟು’, ಇಲ್ಲಿ ‘ದ್ಯಾನ್’ ಕೇಳಿಬಂದರೂ, ‘ಡಿಫರೆಂಟ್ ಫ್ರಮ್’ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಪರೀಕ್ಷಾರ್ಥಿಯು ಇಬ್ಬರೂ ಒಪ್ಪುವುದನ್ನೇ ಹಿಡಿಯುವುದು ಕ್ಷೇಮ.

ಅಭ್ಯಾಸಕ್ಕೆ ಉಪಕರಣಗಳು ಕಡಮೆಯಿಲ್ಲ. ಢಾಕಾದಲ್ಲಿ ಉಪಾಧ್ಯಾಯರ ತರಬೇತಿಯಲ್ಲಿ ತೊಡಗಿದ್ದ ಮೈಕೇಲ್ ವೆಸ್ಟ್ ಅವರು 1935ರಲ್ಲಿ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆಂದೇ ಒಂದು ನಿಘಂಟನ್ನು ಪ್ರಕಟಿಸಿದರು. ಜಪಾನಿನಲ್ಲಿ ಬೋಧಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯವರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂದಿತು. ಕ್ರಿಯಾಪದವು ಯಾವ ಕಟ್ಟಿನಲ್ಲಿ, ಯಾವ ಜೊತೆಗಾರನೊಡನೆ ಬರುವುದೆಂಬುದನ್ನು ಉದಾಹರಣೆಯೊಡನೆ ತೋರಿಸುವುದು ಇದರ ವೈಶಿಷ್ಟ್ಯ. ಅದರ ವಂಶದ ನಿಘಂಟುಗಳು ಇಂದು ಶಾಲೆಯ ಪುಸ್ತಕಭಂಡಾರದಲ್ಲಿಯೂ ಕೈಯ ಮೊಬೈಲಿನಲ್ಲಿಯೂ ದೊರೆಯುತ್ತವೆ. ‘ಡಿಪೆಂಡ್’ ಎಂಬ ಶಬ್ದವನ್ನು ಹುಡುಕಿದವನು ಅರ್ಥವನ್ನು ಮಾತ್ರ ನೋಡಿ ಪುಸ್ತಕವನ್ನು ಮುಚ್ಚಬಾರದು. ‘ಡಿಪೆಂಡ್ ಆನ್’ ಎಂದು ಜೋಡಿಯನ್ನೇ ಬರೆದುಕೊಂಡು, ‘ಹಾನಗಲ್ಲಿನ ಭತ್ತವು ಮಳೆಯನ್ನು ಅವಲಂಬಿಸಿದೆ’ ಎಂಬಂಥ ತನ್ನ ಊರಿನ ವಾಕ್ಯವೊಂದನ್ನು ಅದರಿಂದ ಕಟ್ಟಬೇಕು. ದಿನಕ್ಕೆ ಐದು ಜೋಡಿಗಳಾದರೆ ನೂರು ದಿನಗಳಲ್ಲಿ ಐನೂರು.

ಇಂಗ್ಲಿಷನ್ನು ಸಾಧಿಸಬೇಕಾದರೆ ಕನ್ನಡವನ್ನು ಮರೆಯಬೇಕೆಂದು ನಂಬುವ ತಂದೆತಾಯಿಗಳು ನಮ್ಮ ನಗರಗಳಲ್ಲಿ ಅನೇಕರಿದ್ದಾರೆ. ಅವರು ಸವಣೂರನ್ನು ನೆನೆಯಬೇಕು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಅವರು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ಇಂಗ್ಲಿಷಿನ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷು ಸಂಸ್ಥೆಯ ನಿರ್ದೇಶಕರಾದರು. ಅವರೇ ಕನ್ನಡದ ಮಹಾಕವಿಗಳಲ್ಲಿ ಒಬ್ಬರಾಗಿ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮಸ್ಥಾನ ಸಲ್ಲಬೇಕೆಂದು 1981ರ ವರದಿಯಲ್ಲಿ ಹೇಳಿದ ಸಮಿತಿಯ ಅಧ್ಯಕ್ಷರೂ ಅವರೇ. ಒಂದು ಭಾಷೆಯ ಮರ್ಮವನ್ನು ಬಲ್ಲವನಿಗೆ ಇನ್ನೊಂದರ ಮರ್ಮ ಬೇಗ ತೆರೆಯುತ್ತದೆ. ಹುಲಿಗೆ ಹೆದರುವಲ್ಲಿ ಚತುರ್ಥಿ ಏಕೆ ಬಂದಿತೆಂದು ಒಮ್ಮೆ ನಿಂತು ಯೋಚಿಸಿದ ವಿದ್ಯಾರ್ಥಿಗೆ ‘ಅಫ್ರೇಡ್ ಆಫ್’ ಎಂಬುದು ಮತ್ತೆ ಮರೆಯದು. ಆ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರು ವಿಭಕ್ತಿಯ ಪಾಠವನ್ನೂ ಪ್ರೆಪೊಸಿಷನ್ನಿನ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟು ಬೋಧಿಸುವಂತಾದರೆ, ಪುಟ್ಟ ಶಬ್ದಗಳಿಂದಾಗುವ ದೊಡ್ಡ ನಷ್ಟವು ಬಹುಮಟ್ಟಿಗೆ ತಪ್ಪುವುದರಲ್ಲಿ ಸಂದೇಹವಿಲ್ಲ.